ಕುರ್ಚಿಯ ಮೇಲೆ ವಲ್ಲಿ ಇದ್ದರೆ ಮಾವನ ಪಾಳಿ

ಯುದ್ಧದ ಆಟಗಳ ಬಗ್ಗೆ ಮಾತಾಡುವ ಅಧಿಕಾರ ನನಗಿದೆ. ಮೊದಲು ಕುಷ್ಟಗಿ ಕಡೆ, ಆಮೇಲೆ ಅಳವಂಡಿಯಲ್ಲಿ, ಒಟ್ಟು ಹದಿನಾರು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದ್ದೇನೆ. ಯಾವ ಕದನ ಯಾವ ಇಸವಿಯಲ್ಲಿ ಆಯಿತು ಎಂದು ಬಾಯಿಪಾಠ ಮಾಡಿಸಿ ಗಂಟಲು ಒಣಗಿಸಿಕೊಂಡಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ಅಳವಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದೇ ಒಂದು ಕಂಪ್ಯೂಟರ್ ಆಟವನ್ನು ಐದು ತಿಂಗಳು ಬಿಡದೆ ಆಡಿದ್ದೇನೆ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಗಣಿತದ ಮೇಡಂ, "ನಲವತ್ತು ದಾಟಿದ ಮ್ಯಾಲ ಇದೇನ್ರೀ ಹುಚ್ಚು?" ಎಂದು ನಕ್ಕರು. ನಗಲಿ. ಅವರು ಟಿವಿಯಲ್ಲಿ ಒಂದೇ ಅತ್ತೆ ಸೊಸೆಯ ಜಗಳವನ್ನು ಆರು ವರ್ಷದಿಂದ ನೋಡುತ್ತಿದ್ದಾರೆ, ನಾನೇನಾದರೂ ಕೇಳಿದ್ದೇನೆಯೇ?

ಆಟ ಎಂಥದ್ದು ಎಂದು ಮೊದಲು ಹೇಳಿಬಿಡುತ್ತೇನೆ. ಇದರಲ್ಲಿ ಬಂದೂಕು ಹಿಡಿದು ಓಡುವುದಿಲ್ಲ. ಐದುನೂರು ವರ್ಷ ಹಿಂದಿನ ನಮ್ಮದೇ ಸೀಮೆಯ ನಕ್ಷೆ ಇರುತ್ತದೆ, ನಡುವೆ ಹೊಳೆ, ಹೊಳೆಯ ದಕ್ಷಿಣಕ್ಕೆ ಒಂದು ರಾಜ್ಯ, ಉತ್ತರಕ್ಕೆ ಇನ್ನೊಂದು. ನೆಲವನ್ನೆಲ್ಲ ಚೌಕಾಬಾರದ ಹಾಗೆ ಮನೆಗಳಾಗಿ ಕತ್ತರಿಸಿದ್ದಾರೆ. ನಿಮ್ಮ ಪಾಳಿ ಬಂದಾಗ ನಿಮ್ಮ ದಂಡು, ತೋಪು, ಕುದುರೆ, ದವಸದ ಬಂಡಿ ಇವನ್ನೆಲ್ಲ ನಾಲ್ಕಾರು ಮನೆ ನಡೆಸಿ, ಪಾಳಿ ಮುಗಿಯಿತು ಎಂದು ಒತ್ತಬೇಕು. ಆಮೇಲೆ ಎದುರಿನವರ ಪಾಳಿ. ಎದುರಿಗೆ ಕಂಪ್ಯೂಟರೇ ಇರಬಹುದು, ಅಥವಾ ಅದೇ ಕುರ್ಚಿಯಲ್ಲಿ ನಿಮ್ಮ ನಂತರ ಬಂದು ಕೂರುವ ಇನ್ನೊಬ್ಬ ಮನುಷ್ಯ ಇರಬಹುದು.

ಇದು ನಮ್ಮ ಮನೆಗೆ ಬಂದದ್ದು ನನ್ನ ಕಾಲು ಮುರಿದದ್ದರಿಂದ. ಆಷಾಢದ ಒಂದು ಮಳೆಯ ದಿನ ಯಲಬುರ್ಗಾ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಜಾರಿ ಬಿದ್ದೆ. ಹಿಮ್ಮಡಿಯ ಮೇಲಿನ ಎಲುಬು ಸೀಳಿತು, ಆರು ವಾರ ಪ್ಲಾಸ್ಟರ್. ಗಿಣಿಗೇರಾದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಗಂಡ, ನಾನು ಮನೆಯಲ್ಲಿ ಕೂತು ಎಲ್ಲರ ಮೇಲೆ ಹರಿಹಾಯುವುದನ್ನು ನೋಡಲಾರದೆ, ಮಗಳ ಆನ್‌ಲೈನ್ ಕ್ಲಾಸಿಗೆಂದು ಹಿಂದೆ ತಂದಿದ್ದ ಕಂಪ್ಯೂಟರಿಗೆ ಈ ಆಟ ಹಾಕಿಕೊಟ್ಟರು. "ನೀನು ಹಿಸ್ಟರಿ ಮೇಡಂ, ನಿನಗ ಹೊಂದತೈತಿ. ನನಗಂತೂ ಒಂದು ಗುಂಡು ಹಾರಾಕ ಅರ್ಧಾ ತಾಸು ಕಾಯೋದು ಆಗಂಗಿಲ್ಲ" ಎಂದರು. ಅವರ ಸ್ವಭಾವವೇ ಹಾಗೆ.

ಇಲ್ಲಿ ನಮ್ಮ ಮನೆಯ ಪದ್ಧತಿಯೊಂದನ್ನು ಹೇಳಬೇಕು. ಸೊಸೆ ಮಾವನ ಎದುರಿಗೆ ಕೂರುವುದಿಲ್ಲ, ಮಾವನ ಜೊತೆ ನೇರವಾಗಿ ಮಾತಾಡುವುದಿಲ್ಲ. ತಲೆಯ ಮೇಲೆ ಸೆರಗು, ಮಾತೆಲ್ಲ ಅತ್ತೆಯ ಮೂಲಕ. ಮಾವ ಎರಡು ಮಾರು ದೂರದಲ್ಲೇ ಇದ್ದರೂ ನಾನು ಅತ್ತೆಗೆ, "ನೀರು ಕಾದಾವ ಅಂತ ಹೇಳ್ರಿ" ಎನ್ನಬೇಕು, ಅತ್ತೆ ಅವರತ್ತ ತಿರುಗಿ, "ನೀರು ಕಾದಾವಂತ" ಎನ್ನಬೇಕು. ಅವರು ಅತ್ತೆಗೆ, "ಬರತೀನಿ ಅನ್ನು" ಎನ್ನಬೇಕು. ಮಾವ ಕೆಟ್ಟವರಲ್ಲ, ಯಾರೂ ನನ್ನನ್ನು ಗದರಿಸಿ ನಿಲ್ಲಿಸಿದ್ದಿಲ್ಲ. ಶಾಲೆಯಲ್ಲಿ ಅಧಿಕಾರಿಗಳ ಮುಂದೆ ಕುರ್ಚಿ ಎಳೆದುಕೊಂಡು ಕೂತು ಮಾತಾಡುವವಳು, ಮನೆಯ ಹೊಸ್ತಿಲು ದಾಟಿದೊಡನೆ ಮೆತ್ತಗಾಗಿಬಿಡುತ್ತಿದ್ದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಹದಿನಾಲ್ಕು ವರ್ಷದಲ್ಲಿ, ಗಿಡ್ಡ ಬಾಗಿಲಿಗೆ ತಲೆ ತಾನೇ ಬಗ್ಗುವ ಹಾಗೆ, ಅದೂ ರೂಢಿಯಾಗಿತ್ತು.

ಪ್ಲಾಸ್ಟರ್ ಆ ಪದ್ಧತಿಗೆ ಮೊದಲ ಪೆಟ್ಟು ಕೊಟ್ಟಿತು. ಕಂಪ್ಯೂಟರ್ ಇರುವುದು ಪಡಸಾಲೆಯಲ್ಲಿ, ಕಾಲು ಸ್ಟೂಲಿನ ಮೇಲೆ ಚಾಚಿರಲೇಬೇಕು. ಮೊದಲ ದಿನ ಮಾವ ಒಳಗೆ ಬಂದಾಗ ನಾನು ಗಡಬಡಿಸಿ ಏಳಲು ಹೋದೆ. ಅವರು ಗೋಡೆಯ ಕ್ಯಾಲೆಂಡರಿನತ್ತ ಮುಖ ಮಾಡಿ, ಕ್ಯಾಲೆಂಡರಿಗೇ ಹೇಳುವ ಹಾಗೆ, "ಕಾಲು ಮುರದಾಕಿ ಯಾಕ ಏಳಬೇಕು?" ಎಂದು ಹೊರಟುಹೋದರು. ನಾನು ಕೂತೇ ಇದ್ದೆ.

ಮೂರನೆಯ ದಿನ ನನ್ನ ದಂಡು ಕೊಪ್ಪಳದ ಕೋಟೆಯಿಂದ ಉತ್ತರಕ್ಕೆ ಹೊರಟಿತ್ತು. ಪರದೆಯ ಮೂಲೆಯಲ್ಲಿ ಆಗಸ್ಟ್ ತಿಂಗಳು, ಮೇಲಿನಿಂದ ಧೋ ಎಂದು ಮಳೆ. ಎತ್ತುಗಳು ತೋಪು ಎಳೆಯುತ್ತಿದ್ದವು. ಬೆನ್ನ ಹಿಂದಿನಿಂದ ಮಾವನ ದನಿ ಬಂತು.

"ಅದು ಎರಿ ಹೊಲ ಹೌದಲ್ಲ?"

ಪಡಸಾಲೆಯಲ್ಲಿ ನಾವಿಬ್ಬರೇ ಇದ್ದೆವು. ಅತ್ತೆ ಹಿತ್ತಲಲ್ಲಿ. ನಾನು ಪರದೆಯನ್ನೇ ನೋಡುತ್ತ, "ಹೌದ್ರಿ" ಎಂದೆ.

"ಶ್ರಾವಣದಾಗ ಎರಿ ಹೊಲದಾಗ ಮನಷ್ಯಾಗ ಕಾಲು ಕಿತ್ತಿಡಾಕ ಆಗಂಗಿಲ್ಲ, ಇವ್ರು ತೋಪು ಎಳಕೊಂಡು ಹೊಂಟಾರ! ಇದನ್ನ ಮಾಡಿದವ್ರು ಒಮ್ಮೆರ ಎತ್ತಿನ ಹಿಂದ ನಡದಾರೇನು?"

ಸೆರಗು ಬಾಯಿಗೆ ಹಿಡಿದು ನಕ್ಕೆ. ಹದಿನಾರು ವರ್ಷ ಯುದ್ಧಗಳ ಪಾಠ ಮಾಡಿದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಈ ಆಟದ ಮೊದಲ ದೊಡ್ಡ ದೋಷವನ್ನು ಕಂಡುಹಿಡಿದವರು ನಮ್ಮ ಮಾವ, ಅದೂ ನಿಂತ ನಿಲುವಿನಲ್ಲಿ. ಆಟಕ್ಕೆ ಎರೆಯ ಕಪ್ಪು ಮಣ್ಣು, ಮಸಾರಿಯ ಕೆಂಪು ಮಣ್ಣು ಎಂಬ ಭೇದವೇ ಇಲ್ಲ. ಮಳೆ ಬಂದರೆ ದೂರದ್ದು ಕಾಣುವುದಿಲ್ಲ, ಅಷ್ಟೇ. ಕೆಸರಿಲ್ಲ, ಕಾಲು ಹೂಳುವುದಿಲ್ಲ, ಎತ್ತುಗಳಿಗೆ ಮೇವೂ ಬೇಡ.

ಅಂದಿನಿಂದ ದಿನವೂ ಬಂದು ಹಿಂದೆ ನಿಲ್ಲತೊಡಗಿದರು. ನನಗೆ ಏನೂ ಹೇಳುತ್ತಿರಲಿಲ್ಲ, ಪರದೆಗೆ ಬೈಯುತ್ತಿದ್ದರು. ಸುಗ್ಗಿಯ ತಿಂಗಳಲ್ಲಿ ಹಳ್ಳಿಗಳಿಂದ ಹೊಸ ಸೈನಿಕರನ್ನು ಕರೆದೆ, ಒಂದೇ ಪಾಳಿಯಲ್ಲಿ ನೂರಾರು ಜನ ಬಂದು ನಿಂತರು. "ಜ್ವಾಳ ಕೊಯ್ಯೋದು ಬಿಟ್ಟು ಯಾವ ರೈತ ಬರತಾನ? ಸುಳ್ಳು!" ಎಂದರು. ಅವರಿಗೆ ಸಿಕ್ಕದ ತಪ್ಪುಗಳು ನನಗೆ ಸಿಕ್ಕವು. ಗಂಗಾವತಿಯ ಜಾಗದಲ್ಲಿ ಬರೀ ಕಾಡು ಬಿಡಿಸಿದ್ದಾರೆ. ಯಲಬುರ್ಗಾ ಇಲ್ಲವೇ ಇಲ್ಲ. ಕುಷ್ಟಗಿಯನ್ನು ತಂದು ಹೊಳೆಯ ದಂಡೆಗೆ ಇಟ್ಟಿದ್ದಾರೆ! ಅಲ್ಲಿ ಎರಡು ವರ್ಷ ಕೊಡ ಹಿಡಿದು ನಳದ ಮುಂದೆ ನಿಂತವಳು ನಾನು. ಆ ಹೊಳೆ ಆಗ ಎಲ್ಲಿತ್ತೋ.

ಹಾಗೆಂದು ಬರೀ ಬೈದರೆ ಅನ್ಯಾಯವಾಗುತ್ತದೆ. ಆಟದ ಗಟ್ಟಿತನವೂ ದೊಡ್ಡದೇ. ಕೋಟೆಗೆ ಮುತ್ತಿಗೆ ಹಾಕಿದರೆ ಅವಸರ ನಡೆಯುವುದಿಲ್ಲ, ಒಳಗಿನ ದವಸ ತೀರುವ ತನಕ ಹೊರಗೆ ಕಾಯಬೇಕು, ಕಾಯುವಾಗ ನಿಮ್ಮ ದವಸವೂ ತೀರುತ್ತದೆ. ದವಸದ ಬಂಡಿಯ ದಾರಿಯನ್ನು ಯಾರಾದರೂ ಕಡಿದರೆ ಮುಂದಿನ ದಂಡು ಪಾಳಿಯಿಂದ ಪಾಳಿಗೆ ಕರಗುತ್ತದೆ. ಇದನ್ನು ನೋಡಿ ಮಾವ ಮೊದಲ ಬಾರಿಗೆ ಮೆಚ್ಚಿದರು. "ಇದು ಖರೇ ಐತಿ. ಹಿಂದಿನ ಚಕ್ಕಡಿ ಬರಲಿಲ್ಲಂದ್ರ ಮುಂದಿನವ್ರು ಉಪಾಸ." ಇನ್ನೊಂದು, ನೀವು ಯಾರನ್ನೂ ಕಳಿಸಿ ನೋಡಿರದ ಮನೆಗಳು ಕಪ್ಪಾಗಿಯೇ ಇರುತ್ತವೆ. ಅಲ್ಲಿ ಶತ್ರು ಇದ್ದಾನೋ, ಖಾಲಿ ಬಯಲೋ, ಊಹೆ ಮಾಡಿಕೊಂಡೇ ಸಾಯಬೇಕು. ಇದು ನನಗೆ ಬಹಳ ಹಿಡಿಸಿದ ಗುಣ.

ಅತಿ ದೊಡ್ಡ ಕೊರತೆ ಎಂದರೆ ಕಂಪ್ಯೂಟರಿನ ಪೆದ್ದುತನ. ಅದು ನಡೆಸುವ ಶತ್ರು ಪ್ರತಿಸಲವೂ ಒಂದೇ ಜಾಗದಲ್ಲಿ ಹೊಳೆ ದಾಟಲು ಬಂದು, ಪ್ರತಿಸಲವೂ ನನ್ನ ತೋಪಿಗೆ ಸಿಕ್ಕು, ಮತ್ತೆ ಅಲ್ಲಿಗೇ ಬರುತ್ತಿತ್ತು. ಪ್ಲಾಸ್ಟರ್ ತೆಗೆಯುವ ಹೊತ್ತಿಗೆ ನಾನು ಮೂರು ಸಲ ಗೆದ್ದು ಬೇಸತ್ತಿದ್ದೆ. ಆಗ ಮಾವ ಕ್ಯಾಲೆಂಡರಿಗೆ ಹೇಳಿದರು: "ಆ ಕಡೆ ನಾ ಆಡಲೇನು?"

ಕಾಲು ನೆಟ್ಟಗಾಗಿತ್ತು, ಅವರ ಎದುರು ಕೂರಲು ನನಗೆ ಇನ್ನು ನೆಪವಿರಲಿಲ್ಲ. ಆದರೆ ಪಾಳಿಯ ಆಟದ ಚೆಲುವೇ ಅದು, ಇಬ್ಬರೂ ಒಟ್ಟಿಗೆ ಕೂರಬೇಕಾಗಿಲ್ಲ. ನಾನು ಉತ್ತರದ ರಾಜ್ಯವನ್ನು ಅವರಿಗೆ ಬಿಟ್ಟುಕೊಟ್ಟೆ. ಬೆಳಿಗ್ಗೆ ನಾನು ಶಾಲೆಗೆ ಹೋದ ಮೇಲೆ ಅವರು ಹೊಲದಿಂದ ಬಂದು ತಮ್ಮ ಪಾಳಿ ಆಡುವರು. ಸಂಜೆ ಶಾಲೆಯಿಂದ ಬಂದು ನಾನು ನನ್ನದು ಆಡುವೆ. ಇಂಗ್ಲಿಷ್ ಅಕ್ಷರ ಬಾರದಿದ್ದರೂ ಚಿತ್ರ ನೋಡಿ ನಾಲ್ಕೇ ದಿನದಲ್ಲಿ ಎಲ್ಲ ಕಲಿತರು. ಅವರ ಪಾಳಿ ಇನ್ನೂ ಮುಗಿದಿಲ್ಲ ಎಂಬುದಕ್ಕೆ ಗುರುತು, ಹೆಗಲ ಮೇಲಿನ ವಸ್ತ್ರ, ನಮ್ಮ ಕಡೆಯ ವಲ್ಲಿಯನ್ನು, ಕುರ್ಚಿಯ ಬೆನ್ನಿಗೆ ಹಾಕಿ ಹೋಗುವುದು. ವಲ್ಲಿ ಇಲ್ಲದಿದ್ದರೆ ನನ್ನ ಪಾಳಿ. ಈ ನಿಯಮವನ್ನು ಯಾರೂ ಯಾರಿಗೂ ಹೇಳಲಿಲ್ಲ, ಅದು ತಾನಾಗಿ ಆಯಿತು.

ಒಬ್ಬ ಮನುಷ್ಯ ಹೇಗೆ ಯೋಚಿಸುತ್ತಾನೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಮಾವ ಆಟದ ನಿಯಮಕ್ಕಿಂತ ನೆಲದ ನಿಯಮವನ್ನು ಹೆಚ್ಚು ಪಾಲಿಸುತ್ತಿದ್ದರು. ಮಳೆಗಾಲದಲ್ಲಿ ಆಟ ಬೇಡವೆನ್ನದಿದ್ದರೂ ತೋಪುಗಳನ್ನು ಎರೆ ನೆಲಕ್ಕೆ ಇಳಿಸುತ್ತಿರಲಿಲ್ಲ, ಗುಡ್ಡದ ಬದಿಯಲ್ಲಿ ಸುತ್ತುಹಾಕಿ ಒಯ್ಯುತ್ತಿದ್ದರು. ಒಮ್ಮೆ ತಪ್ಪಾಗಿ ಒತ್ತಿ ಇಡೀ ಕುದುರೆ ದಂಡನ್ನೇ ನನ್ನ ಕೋಟೆಯ ಬಾಯಿಗೆ ಹಾಕಿಕೊಂಡರು. ಹಿಂದೆ ಉಳಿಸಿಟ್ಟ ಜಾಗಕ್ಕೆ ಆಟವನ್ನು ವಾಪಸ್ ಒಯ್ಯಬಹುದು ಎಂದು ಅತ್ತೆಯ ಮೂಲಕ ಹೇಳಿ ಕಳಿಸಿದೆ. "ಬ್ಯಾಡ. ಆಗಿದ್ದು ಆತು" ಎಂದು ಉತ್ತರ ಬಂತು. ನನ್ನ ಮಟ್ಟಿಗೆ ಹಾಗೆ ಹಿಂದೆ ಹೋಗಲು ಬಿಡುವುದೇ ಈ ಆಟದ ದೌರ್ಬಲ್ಯ, ಅದರಿಂದ ತಪ್ಪಿಗೆ ಬೆಲೆಯೇ ಇಲ್ಲದಂತಾಗುತ್ತದೆ. ಆದರೆ ಆ ಉತ್ತರ ಕೇಳಿ ಒಳಗೊಳಗೇ ಅಂಜಿದೆ. ಈ ಮನುಷ್ಯ ಒಮ್ಮೆ ಇಟ್ಟ ಹೆಜ್ಜೆ ತೆಗೆಯುವವರಲ್ಲ.

ಆಟದಲ್ಲಿ ರಾಯಭಾರಿಗಳೂ ಇದ್ದಾರೆ. ಎದುರಿನವರಿಗೆ ಸಂಧಿಯನ್ನೋ ಎಚ್ಚರಿಕೆಯನ್ನೋ ಕಳಿಸಬಹುದು. ಹಿಂಗಾರಿ ಬಿತ್ತನೆಯ ಹೊತ್ತಿಗೆ ಒಂದು ಸಂಜೆ ಪರದೆ ತೆರೆದರೆ, ಉತ್ತರದಿಂದ ರಾಯಭಾರಿ ಬಂದು ನಿಂತಿದ್ದ. ಎರಡು ಪಾಳಿ ಯುದ್ಧ ಬೇಡ ಎಂಬ ಸಂದೇಶ. ಕಡಲೆ, ಬಿಳಿಜೋಳ ಬಿತ್ತಲು ಮಾವ ದಿನವಿಡೀ ಹೊಲದಲ್ಲಿರುತ್ತಿದ್ದರು, ಆಟಕ್ಕೆ ಪುರಸೊತ್ತಿರಲಿಲ್ಲ, ಅದಕ್ಕೇ ಸಂಧಿ ಕೇಳಿದ್ದರು. ನಾನು ಒಪ್ಪಿಗೆ ಒತ್ತಿ ಒಬ್ಬಳೇ ಕೂತು ನಕ್ಕೆ, ಆಮೇಲೆ ಯಾಕೋ ಕಣ್ಣು ತುಂಬಿತು. ಹದಿನಾಲ್ಕು ವರ್ಷದಲ್ಲಿ ಅತ್ತೆಗೋ ಕ್ಯಾಲೆಂಡರಿಗೋ ಪರದೆಗೋ ಹೇಳದೆ ಅವರು ನೇರವಾಗಿ ನನಗೇ ಕಳಿಸಿದ ಮೊದಲ ಮಾತು ಅದು.

ಡಿಸೆಂಬರಿನಲ್ಲಿ ನನಗೆ ಬಡ್ತಿಯ ಸುದ್ದಿ ಬಂತು. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ ಹುದ್ದೆ. ಖಾಲಿ ಇದ್ದುದು ಗಂಗಾವತಿ ಕಡೆ, ಅಂದರೆ ಮನೆ ಬಿಟ್ಟು ಗಂಗಾವತಿಯಲ್ಲಿ ಇರಬೇಕು. ಗಂಡನಿಗೆ ತೊಂದರೆ ಇರಲಿಲ್ಲ, ಅಲ್ಲಿಂದಲೂ ಗಿಣಿಗೇರಾಕ್ಕೆ ಹೋಗಿಬರಬಹುದು. ಅಳವಂಡಿಯಲ್ಲಿ ಹೊಲ ನೋಡಿಕೊಳ್ಳಲು ಮೈದುನನ ಸಂಸಾರ ಇತ್ತು. ಗುರುವಾರ ಕೊಪ್ಪಳಕ್ಕೆ ಹೋಗಿ ಒಪ್ಪಿಗೆ ಬರೆದುಕೊಡಬೇಕು, ಇಲ್ಲವಾದರೆ ಬಡ್ತಿ ನನ್ನ ಕಿರಿಯರಿಗೆ ಹೋಗುತ್ತದೆ. ನನಗೆ ಆ ಹುದ್ದೆ ಬೇಕಿತ್ತು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಒಂದು ಶಾಲೆಯನ್ನು ನಾನು ನಡೆಸಬಲ್ಲೆ, ಅನೇಕರಿಗಿಂತ ಚೆನ್ನಾಗಿ ನಡೆಸಬಲ್ಲೆ ಎಂದು ನನಗೆ ಗೊತ್ತಿತ್ತು.

ಗಂಡ, "ಅಪ್ಪ ಹೂಂ ಅಂದ್ರ ಆತು" ಎಂದರು. "ನೀವ ಕೇಳ್ರಿ" ಎಂದರೆ, "ನಾ ಕೇಳಿದ್ರ ಹೇಣ್ತಿ ಮಾತು ಹೊತಗೊಂಡು ಬಂದಾನ ಅಂತಾರ" ಎಂದು ಜಾರಿಕೊಂಡರು. ಭಾನುವಾರ ಒಲೆಯ ಮುಂದೆ ಅತ್ತೆಗೆ ಎಲ್ಲವನ್ನೂ ವಿವರವಾಗಿ ಹೇಳಿ, "ಮಾವಾರ ಕಿವಿಗೆ ಹಾಕ್ರಿ" ಎಂದೆ. ಅತ್ತೆ ರೊಟ್ಟಿ ತಿರುವುತ್ತ, "ಹೇಳತೀನಿ ತಗೋ" ಎಂದರು.

ಸೋಮವಾರ ಶಾಲೆಯಿಂದ ಬಂದಾಗ ಕುರ್ಚಿಯ ಮೇಲೆ ವಲ್ಲಿ ಇತ್ತು. ಮಂಗಳವಾರವೂ ಇತ್ತು. ಮೂರು ತಿಂಗಳಲ್ಲಿ ಮಾವ ಒಂದು ಪಾಳಿಗೆ ಎರಡು ದಿನ ತೆಗೆದುಕೊಂಡವರಲ್ಲ. ಬಂದು ಕೂರುತ್ತಾರೆ, ಪರದೆ ನೋಡುತ್ತಾರೆ, ಒಂದು ಮನೆಯೂ ನಡೆಸದೆ ವಲ್ಲಿ ಬಿಟ್ಟು ಕಟ್ಟೆಗೆ ಹೋಗುತ್ತಾರೆ ಎಂದು ಮಗಳು ಹೇಳಿದಳು. ನನಗೆ ಅರ್ಥವಾಯಿತು ಅಂದುಕೊಂಡೆ. ಇದೇ ಅವರ ಉತ್ತರ. ಬಾಯಿ ಬಿಟ್ಟು ಇಲ್ಲ ಎನ್ನದೆ, ಗುರುವಾರ ದಾಟುವ ತನಕ ಪಾಳಿಯನ್ನು ಹಿಡಿದಿಟ್ಟುಕೊಂಡಿದ್ದಾರೆ. ಇಷ್ಟೆಲ್ಲ ನಿಯಮ ಮಾಡಿದವರು ಒಂದು ಪಾಳಿಗೆ ಗಡುವು ಇಡದೆ ಹೋದರಲ್ಲ ಎಂದು ಆಟ ಮಾಡಿದವರ ಮೇಲೂ ಸಿಟ್ಟು ಬಂತು. ಎರಡು ದಿನ ಶಾಲೆಯಲ್ಲಿ ಮಕ್ಕಳಿಗೆ ಸುಮ್ಮಸುಮ್ಮನೆ ಗದರಿದೆ.

ಬುಧವಾರ ಸಂಜೆ ಬಂದೆ, ವಲ್ಲಿ ಅಲ್ಲೇ ಇತ್ತು. ಚೀಲ ಕೆಳಗಿಟ್ಟೆ. ವಲ್ಲಿಯನ್ನು ತೆಗೆದು ಮಡಚಿ ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತೆ. ಮಾವ ಕಟ್ಟೆಯಿಂದ ಒಳಗೆ ಬಂದರು. ನಾನು ಏಳಲಿಲ್ಲ. ಅವರ ಮುಖ ನೋಡಿಯೇ ಮಾತಾಡಿದೆ.

"ಮಾವಾರ, ಮೂರು ದಿನಾ ಆತ್ರಿ. ಹೂಂ ಅನ್ರಿ, ಇಲ್ಲಂದ್ರ ಇಲ್ಲ ಅನ್ರಿ. ಹಿಂಗ ತಡದು ಹಿಡೀಬ್ಯಾಡ್ರಿ."

ಅವರು ಪರದೆಯತ್ತ ಕೈ ಮಾಡಿದರು. "ಅಷ್ಟು ಅವಸರ ಏನೈತವ್ವಾ? ಹೊಳಿ ದಾಟೋ ಕೆಳಗಿನ ಜಾಗದಾಗ ನೀ ತೋಪು ಇಟ್ಟೀದಿ. ಮ್ಯಾಲಿನ ಕಡೆ ಕಪ್ಪಗೈತಿ, ಏನಿಟ್ಟೀದಿ ಕಾಣವಲ್ದು. ಕಾಣಲಾರದ ಕಡೆ ದಂಡು ಹೆಂಗ ಇಳಸಲಿ?"

"ಆಟದ್ದಲ್ರಿ. ನನ್ನ ಬಡ್ತೀದು."

"ಯಾವ ಬಡ್ತಿ?"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಅವರು ನನ್ನನ್ನೂ ನೋಡಲಿಲ್ಲ, ಮಾವನನ್ನೂ ನೋಡಲಿಲ್ಲ.

"ನಾನ ಹೇಳಲಿಲ್ಲ," ಎಂದರು. "ಹೇಳಿದ್ರ ಇವ್ರು ಹೂಂ ಅಂತಿದ್ರು. ಅದಕ್ಕ ಹೇಳಲಿಲ್ಲ."

ಸಿಟ್ಟು ಬಂತು, ಇಲ್ಲ ಎನ್ನುವುದಿಲ್ಲ. ಆದರೆ ಅದು ಬಂದಷ್ಟೇ ಬೇಗ ಇಳಿಯಿತು. ಹದಿನಾಲ್ಕು ವರ್ಷ ಒಂದೇ ಒಲೆಯ ಮುಂದೆ ಕೂತ ಇಬ್ಬರು ಹೆಂಗಸರು ನಾವು. ನನ್ನ ಬಾಣಂತನ ಮಾಡಿದವರು, ಕಾಲು ಮುರಿದಾಗ ಆರು ವಾರ ನನ್ನ ಸ್ನಾನಕ್ಕೆ ನೀರು ಹೊತ್ತವರು ಅವರು. ತಪ್ಪು ನನ್ನದೂ ಇತ್ತು. ಮಾವನ ಜೊತೆ ಮೂರು ತಿಂಗಳು ಎದುರುಬದುರು ಕಾದಾಡಿ, ಸಂಧಿಯನ್ನೂ ಮಾಡಿಕೊಂಡು, ನನ್ನ ಜೀವನದ ದೊಡ್ಡ ಮಾತು ಬಂದಾಗ ಮಾತ್ರ ಹಳೆಯ ದಾರಿಯಲ್ಲೇ ಕಳಿಸಿದ್ದೆ. ಆಟದ ರಾಯಭಾರಿ ಕೊಟ್ಟ ಸಂದೇಶವನ್ನು ಕೊಟ್ಟಂತೆಯೇ ಮುಟ್ಟಿಸುತ್ತಾನೆ, ಒಂದು ಸಲವೂ ತಪ್ಪುವುದಿಲ್ಲ. ಅವನಿಗೆ ಯಾರ ಮೇಲೂ ಪ್ರೀತಿ ಇಲ್ಲ. ಈ ಆಟದಲ್ಲಿ ನಾನು ಕಂಡ ಅತಿ ದೊಡ್ಡ ಸುಳ್ಳು ಅದೇ.

ಮಾವ ನನ್ನತ್ತ ತಿರುಗಿದರು. ಕ್ಯಾಲೆಂಡರಿನತ್ತ ಅಲ್ಲ.

"ನನ್ನ ಕೂಡ ಯುದ್ಧ ಮಾಡಾಕ ಬರತೈತಿ, ಒಂದು ಮಾತು ಕೇಳಾಕ ಬರಂಗಿಲ್ಲೇನವ್ವಾ?"

ರೂಢಿಯಂತೆ ಸೆರಗು ಎಳೆದುಕೊಂಡು ಎದ್ದು ನಿಂತೆ.

"ಕುಂದ್ರು," ಎಂದರು. "ಹೋಗಿ ಸಹಿ ಮಾಡಿ ಬಾ. ಸಾಲಿ ನಡಸಾಕಿ ಮನ್ಯಾಗ ನಿಂತ ಮಾತಾಡಬಾರದು."

ಈಗ ಗಂಗಾವತಿಗೆ ಬಂದು ಒಂದು ವರ್ಷವಾಯಿತು. ಶಾಲೆ ಚೆನ್ನಾಗಿ ನಡೆದಿದೆ, ಯಾರನ್ನು ಬೇಕಾದರೂ ಕೇಳಿ. ಕಂಪ್ಯೂಟರ್ ನಮ್ಮ ಜೊತೆ ಬಂತು, ಆದರೆ ಆ ಯುದ್ಧ ಮುಗಿದಿಲ್ಲ. ಭಾನುವಾರ ಮುಂಜಾನೆ ಮಾವ ಫೋನ್ ಮಾಡುತ್ತಾರೆ. "ಕುಂತೀ ಹೌದಲ್ಲ?" ಎಂಬುದು ಅವರ ಮೊದಲ ಪ್ರಶ್ನೆ. ಕೂತಿದ್ದೇನೆ ಎಂದ ಮೇಲೆ ನಾನು ಪರದೆಯಲ್ಲಿ ಅವರ ಕಡೆ ಕಾಣುವುದನ್ನು ವಿವರಿಸುತ್ತೇನೆ, ಅವರು ತಮ್ಮ ಪಾಳಿಯನ್ನು ಹೇಳುತ್ತಾರೆ. ಅವರ ಗುಟ್ಟೆಲ್ಲ ನನಗೆ ಗೊತ್ತಾಗುತ್ತದೆ, ಆದರೂ ಹೇಳಿದ್ದನ್ನು ಹೇಳಿದಂತೆಯೇ ನಡೆಸುತ್ತೇನೆ, ಒಂದು ಮನೆಯೂ ಆಚೀಚೆ ಇಲ್ಲ. ನನ್ನ ಪಾಳಿಯಲ್ಲಿ ಆ ಗುಟ್ಟು ಗೊತ್ತಿಲ್ಲದವಳ ಹಾಗೆ ಆಡುತ್ತೇನೆ. ಅದರಿಂದ ಎರಡು ಕೋಟೆ ಕಳೆದುಕೊಂಡಿದ್ದೇನೆ.

ಹೋದ ಭಾನುವಾರ ಮಾವ ತಮ್ಮ ಪಾಳಿ ಹೇಳಿ ಮುಗಿಸಿದಾಗ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಕಳಿಸಿದ ರೊಟ್ಟಿ ಮುಟ್ಟಿದಾವೇನು ಅಂತ ಕೇಳ್ರಿ."

"ನೀನ ಕೇಳು," ಎಂದು ಮಾವ ಫೋನನ್ನು ಅವರ ಕೈಗೆ ಕೊಟ್ಟರು.

ಅತ್ತೆಗೆ ಫೋನಿನಲ್ಲಿ ಮಾತಾಡಿ ರೂಢಿಯಿಲ್ಲ. ರೊಟ್ಟಿಯ ಮಾತನ್ನು ಅವರು ಕೇಳಲೇ ಇಲ್ಲ.

"ಮನಿ ತುಂಬ ಮಂದಿ ಅದಾರವ್ವಾ," ಎಂದರು. "ನೀ ಒಬ್ಬಾಕಿ ಇಲ್ಲ."